ಗುಡ್ಡದ ಕಾಲುದಾರಿಗೂ ಒಂದು ಲೆಕ್ಕ ಬೇಕು

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಬೆಂಗಳೂರಿನಿಂದ ಉತ್ತರಾಖಂಡ, ಹಿಮಾಚಲ, ಕಾಶ್ಮೀರಗಳ ಕಡೆಗೆ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುವವರ ಸಂಖ್ಯೆ ಸಣ್ಣದಲ್ಲ. ಎತ್ತರದ ಬೆಟ್ಟಗಳ ನಡುವೆ ಹಿಮ ಕರಗಿ ನಿಂತ ಒಂದು ಸರೋವರ, ಅದನ್ನು ಸುತ್ತುವರಿದ ಏರಿಳಿತದ ಹಾದಿ, ನಾಲ್ಕಾರು ದಿನಗಳ ನಡಿಗೆ: ಇದು ನಮ್ಮ ವಿದ್ಯಾವಂತ ಮಧ್ಯಮ ವರ್ಗ ಕಂಡುಕೊಂಡಿರುವ ಹೊಸ ಬಗೆಯ ಯಾತ್ರೆ. ಈ ಯಾತ್ರೆಯ ಕಠೋರ ಮುಖವನ್ನೂ ನಾವು ಕಂಡಿದ್ದೇವೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಭಾಗದ ಸಹಸ್ರತಾಲ್ ಸರೋವರದ ಹಾದಿಯಲ್ಲಿ, 14 ಸಾವಿರ ಅಡಿಗೂ ಮೇಲಿನ ಎತ್ತರದಲ್ಲಿ, ಕರ್ನಾಟಕದಿಂದ ಹೊರಟಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿತು. ಮಾರ್ಗದರ್ಶಕರೂ ಸೇರಿ 22 ಮಂದಿಯ ಆ ತಂಡದಲ್ಲಿ 9 ಮಂದಿ ಮರಳಿ ಬರಲಿಲ್ಲ. ರಾಜ್ಯ ಸರ್ಕಾರ ತನ್ನ ಸಚಿವರೊಬ್ಬರನ್ನೇ ಡೆಹ್ರಾಡೂನಿಗೆ ಕಳುಹಿಸಿ ಉಳಿದವರನ್ನು ಕರೆತರುವ ವ್ಯವಸ್ಥೆ ಮಾಡಿತು.

ಅದೇ ವರ್ಷದ ಜನವರಿಯಲ್ಲಿ ನಮ್ಮದೇ ಕುಮಾರ ಪರ್ವತದ ಹಾದಿಯಲ್ಲಿ ವಾರಾಂತ್ಯದ ಜನಜಂಗುಳಿಯ ಚಿತ್ರಗಳು ಪ್ರಕಟವಾಗಿ, ಅರಣ್ಯ ಇಲಾಖೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿತು. ಆ ಬಳಿಕ ಮುಂಗಡ ನೋಂದಣಿಯ ವ್ಯವಸ್ಥೆಯೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂದವು. ಇವೆಲ್ಲವೂ ಅಗತ್ಯ ಕ್ರಮಗಳೇ. ಆದರೆ ಈ ಚರ್ಚೆಗಳನ್ನೆಲ್ಲ ಓದುತ್ತ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಗುಡ್ಡ ಹತ್ತುವುದು, ನೀರಿನ ಅಂಚಿನಲ್ಲಿ ನಡೆಯುವುದು ಎಂದರೆ ಕೆಲವರ ಬಿಡುವಿನ ಹವ್ಯಾಸ ಮಾತ್ರ ಎಂದು ಸರ್ಕಾರವೂ ಪತ್ರಿಕೆಗಳೂ ಯಾವಾಗ ತೀರ್ಮಾನಿಸಿದವು? ಕರ್ನಾಟಕದಲ್ಲಿ ಬಹುದೊಡ್ಡ ಸಂಖ್ಯೆಯ ಜನರು, ಬಹು ಹಿಂದಿನಿಂದ, ವರ್ಷ ತಪ್ಪದೆ ನಡೆಯುತ್ತಿರುವ ಒಂದು ಗುಡ್ಡದ ಹಾದಿ ಇದೆ. ಅದರ ಪಕ್ಕದಲ್ಲಿ ದೊಡ್ಡ ಸರೋವರವೂ ಇದೆ. ಅದನ್ನು ಯಾರೂ ಚಾರಣ ಎನ್ನುವುದಿಲ್ಲ. ಏಕೆಂದರೆ ನಡೆಯುವವರ ಕಾಲಲ್ಲಿ ಬೂಟುಗಳಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡ ಮತ್ತು ಅದರ ಆಸುಪಾಸಿನ ರೇಣುಕಾಸಾಗರ ಜಲಾಶಯ, ಇವುಗಳ ಸುತ್ತಲಿನ ಕಾಲುದಾರಿಗಳ ಮಾತು ಇದು. ಬೈಲಹೊಂಗಲ ತಾಲ್ಲೂಕಿನ ದೊಡವಾಡ ನನ್ನ ಹುಟ್ಟೂರು. ಹಾಗಾಗಿ ಈ ವಿಷಯದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿಯಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬಹುದು.

ಮೊದಲು ನೆಲದ ವಿಚಾರ. ಬೈಲಹೊಂಗಲ, ಬೆಳವಡಿ, ದೊಡವಾಡಗಳ ಸೀಮೆ ಬಹುಪಾಲು ಎರೆ ಭೂಮಿ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದು, ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಕೈ ತೂರುವಷ್ಟು ಬಾಯಿ ತೆರೆಯುತ್ತದೆ. ಇಲ್ಲಿಂದ ಮೂಡಣಕ್ಕೆ ಸಾಗಿದರೆ ಸವದತ್ತಿಯ ಹೊತ್ತಿಗೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪು, ಗುಲಾಬಿ, ಬೂದು ಬಣ್ಣಗಳ ಗಟ್ಟಿ ಕಲ್ಲಿನ ಸಾಲುಗುಡ್ಡಗಳು ಎದ್ದು ನಿಲ್ಲುತ್ತವೆ. ಗೋಕಾಕ, ರಾಮದುರ್ಗ, ಬಾದಾಮಿಗಳಲ್ಲಿ ಕಾಣುವ ಕಲಾದಗಿ ಶಿಲಾಸಮೂಹಕ್ಕೇ ಇವೂ ಸೇರಿದವು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಮರಳು ಪದರಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕಲ್ಲು ಇದು. ಭೂವಿಜ್ಞಾನಿಗಳು ಅದರ ಒಂದು ಪದರಕ್ಕೆ ಸವದತ್ತಿಯ ಹೆಸರನ್ನೂ, ಅದು ಸೇರುವ ಶಿಲಾವರ್ಗಕ್ಕೆ ರಾಮದುರ್ಗದ ಹೆಸರನ್ನೂ ಕೊಟ್ಟಿದ್ದಾರೆ. ನಮ್ಮ ಎರಡು ತಾಲ್ಲೂಕು ಕೇಂದ್ರಗಳು ಹೀಗೆ ವಿಜ್ಞಾನದ ಪುಸ್ತಕಗಳಲ್ಲಿ ಶಾಶ್ವತ ಸ್ಥಾನ ಪಡೆದಿವೆ ಎಂಬುದು ಆ ಊರುಗಳಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ತಿಳಿಯದು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು ಬರುವ ಮಲಪ್ರಭೆಗೆ ಈ ಗುಡ್ಡಸಾಲು ಅಡ್ಡ ನಿಲ್ಲುತ್ತದೆ. ನದಿ ಸುತ್ತಿ ಹೋಗದೆ ಕಲ್ಲನ್ನೇ ಕೊರೆದು ಇಕ್ಕಟ್ಟಾದ ಕಂದರವೊಂದನ್ನು ಮಾಡಿಕೊಂಡಿದೆ. ಅದೇ ನವಿಲುತೀರ್ಥ. ಎರಡು ಬದಿಗೂ ಬಂಡೆ, ನಡುವೆ ಕಿರಿದಾದ ಸಂದು. ಅಣೆಕಟ್ಟು ಕಟ್ಟಲು ಎಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿ ನೀರು ನಿಂತಿತು. ಸಮುದ್ರಮಟ್ಟದಿಂದ 633.80 ಮೀಟರ್, ಅಂದರೆ ನಮ್ಮ ಭಾಗದ ರೈತರ ಬಾಯಲ್ಲಿರುವ ಲೆಕ್ಕದಲ್ಲಿ 2079.50 ಅಡಿ, ಪೂರ್ಣ ಮಟ್ಟ. ಸಾಮರ್ಥ್ಯ ಸುಮಾರು 37.73 ಟಿಎಂಸಿ. ಗುಡ್ಡದ ದೇವಿಯ ಹೆಸರನ್ನೇ ಜಲಾಶಯಕ್ಕೆ ಇಡಲಾಯಿತು.

ಈ ನೀರಿನ ಕಥೆಯನ್ನು ನಮ್ಮ ನಾಡು ಬಹಳಷ್ಟು ಸಲ ಹೇಳಿದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಇದನ್ನೇ. ಅಚ್ಚುಕಟ್ಟು ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತರ ಹೋರಾಟ ರಾಜ್ಯದ ರಾಜಕಾರಣವನ್ನೇ ಬದಲಿಸಿತು. ಜಲಾಶಯ ತುಂಬದೆ ಹೋದ ವರ್ಷಗಳಲ್ಲಿ ಕಳಸಾ-ಬಂಡೂರಿಯ ಕೂಗು ಎದ್ದಿತು. 2018ರ ಆಗಸ್ಟ್‌ನಲ್ಲಿ ಮಹಾದಾಯಿ ನ್ಯಾಯಮಂಡಳಿ ತೀರ್ಪಿತ್ತಿತು. ಮರುವರ್ಷವೇ, 2019ರ ಆಗಸ್ಟ್‌ನಲ್ಲಿ, ತುಂಬಿ ತುಳುಕಿದ ಅದೇ ಜಲಾಶಯದಿಂದ ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳನ್ನು ಮುಳುಗಿಸಿತು. ನೀರು ಹೋದ ಕಡೆಯ ಕಥೆ ಇಷ್ಟು ಸವಿಸ್ತಾರವಾಗಿ ದಾಖಲಾಗಿದೆ. ನೀರು ನಿಂತ ಕಡೆ ಏನು ಹೋಯಿತೆಂಬ ಕಥೆ ಮಾತ್ರ ಅಷ್ಟಾಗಿ ದಾಖಲಾಗಲಿಲ್ಲ. ಮುಳುಗಡೆಯಾದ ಹೊಲ ಮನೆಗಳಿಗೆ ಪರಿಹಾರದ ಕಡತಗಳಾದರೂ ಇವೆ. ಮುಳುಗಿದ ಹಾದಿಗಳಿಗೆ ಕಡತವೇ ಇಲ್ಲ, ಏಕೆಂದರೆ ಹಾದಿಗೆ ಖಾತೆದಾರನಿಲ್ಲ.

ಯಾವ ಹಾದಿಗಳು ಅವು? ಎಲ್ಲಮ್ಮನ ಗುಡ್ಡಕ್ಕೆ ಒಂದೇ ಹಾದಿ ಎಂದೂ ಇರಲಿಲ್ಲ. ಪಡುವಣದಿಂದ ಬೈಲಹೊಂಗಲ, ಬೆಳವಡಿ, ದೊಡವಾಡಗಳ ಕಡೆಯವರು ಎರೆಹೊಲಗಳ ನಡುವೆ ಬರುತ್ತಿದ್ದರು. ಬಡಗಣದಿಂದ ಗೋಕಾಕ, ಮುರಗೋಡ, ಮುನವಳ್ಳಿಯ ಮೇಲೆ ಹಾದು ಬರುವವರಲ್ಲಿ ಕೊಲ್ಹಾಪುರ, ಸಾಂಗಲಿಯ ಮರಾಠಿ ಮಾತಿನವರು ಬಹಳ. ತೆಂಕಣದಿಂದ ಧಾರವಾಡ, ನವಲಗುಂದದವರು. ಮೂಡಣದಿಂದ ರಾಮದುರ್ಗ, ತೊರಗಲ್ಲು, ಸುರೇಬಾನಗಳವರು ಗುಡ್ಡಸಾಲಿನ ಬುಡವನ್ನೇ ಹಿಡಿದು ಬರುತ್ತಿದ್ದರು. ಶಬರಿಕೊಳ್ಳದ ನೀರು, ಶಿರಸಂಗಿಯ ಕಾಳಮ್ಮನ ಗುಡಿ ಈ ಭಾಗದ ತಂಗುದಾಣಗಳು. ಇವೆಲ್ಲ ಹಾದಿಗಳೂ ಸವದತ್ತಿಯ ಸುತ್ತ ಗಂಟುಹಾಕಿಕೊಂಡು, ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಅಲ್ಲಿಂದ ಗುಡ್ಡ ಹತ್ತುತ್ತವೆ. ರಟ್ಟರ ಕಾಲದಲ್ಲಿ ಸುಗಂಧವರ್ತಿ ಎಂಬ ಹೆಸರಿನಿಂದ ರಾಜಧಾನಿಯಾಗಿದ್ದ ಸವದತ್ತಿಗೆ ಇಷ್ಟು ದಿಕ್ಕುಗಳಿಂದ ದಾರಿಗಳಿದ್ದುದು ಆಶ್ಚರ್ಯವಲ್ಲ. ಗುಡ್ಡದ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂಬುದು ಪ್ರಚಲಿತ ಹೇಳಿಕೆ. ಹಾದಿಗಳು ಗುಡಿಗಿಂತ ಹಳೆಯವಿರಬೇಕೆಂಬುದು ನನ್ನ ಅನುಮಾನ. ಜನ ನಡೆದು ಹೋದ ಕಡೆಯೇ ಅರಸರೂ ನಾಯಕರೂ ಗುಡಿ ಕಟ್ಟಿಸುವುದು ವಾಡಿಕೆ.

ಈ ಹಾದಿಗಳಿಗೆ ತಮ್ಮದೇ ಪಂಚಾಂಗವಿತ್ತು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ, ಮಾಘದ ಭಾರತ ಹುಣ್ಣಿಮೆ, ಚೈತ್ರದ ದವನದ ಹುಣ್ಣಿಮೆ: ಗುಡ್ಡದ ದೊಡ್ಡ ಜಾತ್ರೆಗಳೆಲ್ಲ ಹುಣ್ಣಿಮೆಗಳೇ. ಇದರಲ್ಲಿ ಭಕ್ತಿಯಷ್ಟೇ ವ್ಯವಹಾರಜ್ಞಾನವೂ ಇದೆ. ಬಿಸಿಲಿಗೆ ಅಂಜಿ ರಾತ್ರಿ ನಡೆಯುವವರಿಗೆ ತಿಂಗಳ ಬೆಳಕಿಗಿಂತ ಅಗ್ಗದ ದೀಪ ಇನ್ನೊಂದಿಲ್ಲ. ಇನ್ನು ತಿಂಗಳುಗಳನ್ನು ನೋಡಿದರೆ ಮುಂಗಾರಿನ ಕೆಸರು ಮುಗಿದು ಎರೆಹೊಲ ಗಟ್ಟಿಯಾದ ಮೇಲೆ ಆರಂಭ, ಬಿರುಬೇಸಿಗೆ ಪೂರ್ತಿ ಕಾಯುವ ಮುನ್ನ ಮುಕ್ತಾಯ. ಹಿಂಗಾರಿ ಜೋಳ ಕಟಾವಿಗೆ ಬರುವ ಹೊತ್ತಿಗೆ ಹೊಲದ ಬದುವಿನ ಮೇಲೆ ಸಾವಿರ ಕಾಲುಗಳು ಹಾದುಹೋದರೂ ಯಾವ ರೈತನೂ ತಕರಾರು ಎತ್ತುತ್ತಿರಲಿಲ್ಲ. ಬದಲಿಗೆ ಹೊಲದ ಬೇವಿನ ಗಿಡದ ಕೆಳಗೆ ಒಂದು ಹರವಿ ನೀರು ಇಟ್ಟಿರುತ್ತಿದ್ದ. ಆರ್ಥಿಕಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸಾರ್ವಜನಿಕ ಸರಕು ಎಂಬ ಅಧ್ಯಾಯವನ್ನು ನಾನು ಓದಿದ್ದು ಬಹಳ ತಡವಾಗಿ. ಅದರ ಉದಾಹರಣೆ ನಮ್ಮ ಹೊಲದ ಬದುವಿನ ಮೇಲೆ ಮೊದಲೇ ಇತ್ತು.

ನಮ್ಮೂರಿನಿಂದ ಗುಡ್ಡಕ್ಕೆ ಹೋಗುವುದೆಂದರೆ ಮನೆಯಲ್ಲಿ ಎರಡು ದಿನದ ಸಿದ್ಧತೆ. ಸಜ್ಜೆಯ ರೊಟ್ಟಿ ಒಣಗಿಸಿ ಬಟ್ಟೆಯಲ್ಲಿ ಕಟ್ಟುವುದು, ಶೇಂಗಾ ಚಟ್ನಿ, ಕಡುಬು, ದೇವಿಯ ಪಡ್ಡಲಗಿ ತುಂಬಲು ಬೇಕಾದ ಸಾಮಾನು, ಭಂಡಾರದ ಚೀಲ. ಮುದುಕರಿಗೂ ಬಾಣಂತಿಯರಿಗೂ ಚಕ್ಕಡಿ, ಉಳಿದವರೆಲ್ಲ ನಡಿಗೆ. ಸಂಜೆ ಹೊರಟರೆ ಇಡೀ ರಾತ್ರಿಯ ಹಾದಿ. ಮುಂದೆ ಯಾರದೋ ಚೌಡಿಕೆಯ ದನಿ, ಹಿಂದೆ ಎತ್ತಿನ ಕೊರಳಗಂಟೆ, ನಡುನಡುವೆ ಉಧೋ ಉಧೋ ಎಂಬ ಕೂಗು. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಊರಿನ ಹಳ್ಳದಲ್ಲಿ ಸಿಹಿನೀರಿನ ಒರತೆ, ಯಾವ ಬನ್ನಿಗಿಡದ ಹತ್ತಿರ ದಾರಿ ಕವಲೊಡೆಯುತ್ತದೆ, ಎಲ್ಲಿ ಬೆಳ್ಳಿ ಮೂಡಿದರೆ ಇನ್ನೆಷ್ಟು ದೂರ ಉಳಿಯಿತು ಎಂಬುದೆಲ್ಲ ಬಾಯಿಪಾಠವಾಗಿತ್ತು. ಈಗ ಚಾರಣದ ತಂಡಗಳಿಗೆ ಮಾರ್ಗದರ್ಶಕರು ಹಣ ಪಡೆದು ಹೇಳಿಕೊಡುವ ವಿದ್ಯೆ ಇದೇ ಅಲ್ಲವೆ?

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಹಾಡುವ ಉದ್ದೇಶ ನನಗಿಲ್ಲ. ಇದೇ ಹಾದಿಗಳಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿಸಲು ಕರೆದೊಯ್ದದ್ದೂ ಉಂಟು. ಅದನ್ನು ತಡೆಯಲು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯೇ ಬರಬೇಕಾಯಿತು. ಆ ಅನಿಷ್ಟ ತೊಲಗಲೇಬೇಕಿತ್ತು. ಆದರೆ ಅನಿಷ್ಟವನ್ನು ತೊಲಗಿಸಲು ಮಾಡಿದ ಶ್ರಮಕ್ಕೂ, ನಡೆಯುವವರ ಹಾದಿ ಯಾರ ಗಮನಕ್ಕೂ ಬಾರದೆ ಅಳಿಸಿಹೋಗುತ್ತಿರುವುದಕ್ಕೂ ಸಂಬಂಧವಿಲ್ಲ.

ಅಳಿಸಿಹೋದದ್ದು ಎರಡು ಹಂತಗಳಲ್ಲಿ. ಮೊದಲನೆಯದು ಜಲಾಶಯ. ನದಿಯನ್ನು ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ ದಾಟಿ ಬರುತ್ತಿದ್ದ ಊರುಗಳವರಿಗೆ ನೀರು ಅಡ್ಡವಾಯಿತು, ಬಳಸುದಾರಿ ಹಿಡಿಯಬೇಕಾಯಿತು. ಜಲಾಶಯದ ಅಂಚು ಸ್ಥಿರವಾದ ಅಂಚಲ್ಲ. ಸೆಪ್ಟೆಂಬರಿನಲ್ಲಿ ನೀರಿದ್ದ ಜಾಗದಲ್ಲಿ ಏಪ್ರಿಲ್ ಹೊತ್ತಿಗೆ ಹಿನ್ನೀರಿನ ಬೇಸಾಯ ನಡೆದಿರುತ್ತದೆ. ಹೀಗಾಗಿ ನೀರಿನ ಸುತ್ತ ಒಂದು ಖಾಯಂ ಹಾದಿ ತಾನಾಗಿ ಮೂಡಲು ಅವಕಾಶವಾಗಲಿಲ್ಲ. ಹಿಮಾಲಯದ ಸರೋವರಕ್ಕೂ ನಮ್ಮ ಜಲಾಶಯಕ್ಕೂ ಇರುವ ಮುಖ್ಯ ವ್ಯತ್ಯಾಸ ಎತ್ತರವಲ್ಲ, ಇದು. ಅಲ್ಲಿ ದಡ ಎಲ್ಲಿದೆಯೆಂದು ಪ್ರಕೃತಿ ಹೇಳುತ್ತದೆ, ಇಲ್ಲಿ ನೀರಾವರಿ ಇಲಾಖೆಯ ಗೇಟು ಹೇಳುತ್ತದೆ.

ಎರಡನೆಯದು ಡಾಂಬರು. ಒಳದಾರಿಗಳನ್ನು ಬಿಟ್ಟು ಜನ ದೊಡ್ಡ ರಸ್ತೆಗೆ ಬಂದರು. ಬಸ್ಸು ಬಂತು, ಟ್ರ್ಯಾಕ್ಟರ್ ಬಂತು, ಟೆಂಪೊ ಬಂತು. ಇದರಿಂದ ಮುದುಕರಿಗೂ ರೋಗಿಗಳಿಗೂ ಆದ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ನಡೆದೇ ಹೋಗುತ್ತೇವೆಂದು ಹರಕೆ ಹೊತ್ತವರ ಸಂಖ್ಯೆ ಇಳಿದಿಲ್ಲ. ಅವರೂ ಈಗ ಅದೇ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಸುಗ್ಗಿಯ ಕಾಲವೂ ಜಾತ್ರೆಯ ಕಾಲವೂ ಒಂದೇ ಆದ್ದರಿಂದ ಕಬ್ಬಿನ ಹೇರು ತುಂಬಿದ ಜೋಡಿ ಟ್ರೇಲರುಗಳು, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರುಗಳು, ಓಟದಲ್ಲಿರುವ ಜೀಪುಗಳು ಇವರ ಮೈಗೆ ತಾಕುವಂತೆ ಹಾಯುತ್ತವೆ. ಹೋದ ಸಲ ಊರಿಗೆ ಹೋದಾಗ, ಎಪ್ಪತ್ತು ದಾಟಿದರೂ ಪ್ರತಿ ವರ್ಷ ನಡೆದೇ ಹೋಗುವ ರೈತರೊಬ್ಬರನ್ನು ಹಾದಿ ಹೇಗಿದೆ ಎಂದು ವಿಚಾರಿಸಿದೆ. ಅವರು ಹೇಳಿದ್ದು ಇಷ್ಟು: “ಹಿಂದ ಕತ್ತಲಾಗ ಹಾವಿಗೆ ಅಂಜತಿದ್ದಿವ್ರಿ ಸಾಹೇಬ್ರ, ಈಗ ಗಾಡಿ ಬೆಳಕಿಗೆ ಅಂಜತೀವಿ. ಕಣ್ಣಿಗೆ ಬೆಳಕ ಬಿತ್ತಂದ್ರ ಮುಂದಿನ ನೆಲಾನ ಕಾಣೂದಿಲ್ಲ.”

ಒಳದಾರಿಯಲ್ಲೇ ಹೋಗಬಾರದೇಕೆ ಎಂದು ಕೇಳಿದೆ. ದಾರಿ ಎಲ್ಲಿದೆ ಎಂದು ಅವರು ಮರುಪ್ರಶ್ನಿಸಿದರು. ಒಂದು ಕಡೆ ಬದು ಕಿತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ, ಇನ್ನೊಂದು ಕಡೆ ತಂತಿ ಬೇಲಿ, ಮತ್ತೊಂದು ಕಡೆ ಕಾಲುವೆ ತೋಡಿ ದಾಟಲು ಹಲಗೆಯನ್ನೂ ಇಟ್ಟಿಲ್ಲ. ಹಾದಿಯೆಂದರೆ ಸರಪಳಿಯಂತೆ. ಮೂವತ್ತು ಮೈಲಿಯ ಹಾದಿ ಸಾಯಲು ಮೂವತ್ತು ಮೈಲಿಯೂ ಮುಚ್ಚಬೇಕಾಗಿಲ್ಲ, ಮೂರು ಕಡೆ ಮುಚ್ಚಿದರೆ ಸಾಕು.

ಇಲ್ಲಿ ಕಾನೂನಿನ ಮಾತಿಗೆ ಬರಬೇಕು. ವೃತ್ತಿಯ ದೆಸೆಯಿಂದ ನನಗೆ ಸ್ವಲ್ಪ ಪರಿಚಯವಿರುವ ಭಾಗ ಇದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿಂಗೇಟನ ಉಸ್ತುವಾರಿಯಲ್ಲಿ ಮುಂಬಯಿ ಸರ್ಕಾರ ನಮ್ಮ ಭಾಗದ ಹೊಲಗಳನ್ನು ಅಳೆಸಿತು. ಹಳ್ಳಿಹಳ್ಳಿಯ ನಕಾಶೆಗಳು ತಯಾರಾದ ಪದ್ಧತಿ ಅದೇ. ಹಳ್ಳ, ಕೆರೆ, ಗಾವಠಾಣಗಳ ಜೊತೆ ಬಂಡಿದಾರಿ, ಕಾಲುದಾರಿಗಳೂ ಅವುಗಳಲ್ಲಿ ಗೆರೆಗಳಾಗಿ, ಚುಕ್ಕೆಸಾಲುಗಳಾಗಿ ಕಾಣುತ್ತವೆ. ಇಂದಿಗೂ ಹಳ್ಳಿಯ ಜಗಳಗಳಲ್ಲಿ ನಕಾಶೆ ಕಂಡ ದಾರಿ ಎಂಬ ಮಾತಿಗೆ ಇರುವ ತೂಕ ಬೇರಾವ ಮಾತಿಗೂ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರದ ಸ್ವತ್ತು. ಅದರ ಮರುಕಲಮು ಇನ್ನೂ ಸ್ವಾರಸ್ಯಕರ. ಸಾರ್ವಜನಿಕರಿಗೆ ಬೇಡವಾದ ಹಾದಿಯ ಮೇಲಿನ ಅವರ ಹಕ್ಕನ್ನು ಕೊನೆಗೊಳಿಸಬೇಕಾದರೆ ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ಅಂದರೆ ಹಾದಿಯೊಂದನ್ನು ಕಾನೂನುಬದ್ಧವಾಗಿ ಕೊಲ್ಲುವುದು ಸುಲಭವಲ್ಲ. ಆದರೆ ಒಂದು ಸುತ್ತು ತಂತಿ ಬೇಲಿ ಅದೇ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತದೆ.

ಹಾಗಾದರೆ ಪರಿಹಾರವಿಲ್ಲವೆ? ಹಳೆಯ ಮುಂಬಯಿ ಪ್ರಾಂತದ ಭಾಗವಾದ್ದರಿಂದ ನಮ್ಮಲ್ಲಿ 1906ರ ಮಾಮಲೇದಾರರ ನ್ಯಾಯಾಲಯಗಳ ಕಾಯ್ದೆ ಎಂಬ ಒಂದು ವಿಶಿಷ್ಟ ಅಸ್ತ್ರವುಂಟು. ಹೊಲಕ್ಕೆ ಹೋಗುವ ರೂಢಿಯ ದಾರಿಯನ್ನು ಯಾರಾದರೂ ತಡೆದರೆ ಆರು ತಿಂಗಳೊಳಗೆ ಮಾಮಲೇದಾರರ ಮುಂದೆ ದಾವೆ ಹೂಡಬಹುದು. ಸ್ಥಳ ಪರಿಶೀಲಿಸಿ ಅವರು ಆದೇಶ ಕೊಡುತ್ತಾರೆ. ದೊಡ್ಡ ವಕೀಲರ ಖರ್ಚಿಲ್ಲದ ಒಳ್ಳೆಯ ವ್ಯವಸ್ಥೆ. ಆದರೆ ಅದು ರೈತನ ಹೊಲದ ದಾರಿಗೆ ಅನ್ವಯ. ವರ್ಷಕ್ಕೆ ಒಂದೋ ಎರಡೋ ರಾತ್ರಿ ಹಾದುಹೋಗುವ ಪರವೂರಿನ ಯಾತ್ರಿಕ ಯಾವ ಹೊಲದ ಒಡೆಯನೆಂದು ದಾವೆ ಹೂಡಬೇಕು? ಆರು ತಿಂಗಳ ಅವಧಿಯೂ ಅವನಿಗೆ ಒಗ್ಗುವುದಿಲ್ಲ. ಬೇಲಿ ಬಿದ್ದದ್ದು ಅವನಿಗೆ ತಿಳಿಯುವುದೇ ಮುಂದಿನ ಬನದ ಹುಣ್ಣಿಮೆಗೆ. ಇನ್ನು ಅರಣ್ಯದ ಚಾರಣ ಹಾದಿಗಳಿಗೆ ಅರಣ್ಯ ಇಲಾಖೆ ಇದೆ, ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ ಇದೆ, ಜಲಾಶಯದ ಅಂಚಿಗೆ ನೀರಾವರಿ ನಿಗಮವಿದೆ, ಗುಡಿಗೆ ಮುಜರಾಯಿ ಇದೆ. ಇವೆಲ್ಲವುಗಳ ನಡುವಿನ ಕಾಲುದಾರಿ ಯಾರ ಪಟ್ಟಿಯಲ್ಲೂ ಇಲ್ಲ.

ಇದು ನಮಗೊಬ್ಬರಿಗೇ ಬಂದ ಸಮಸ್ಯೆಯಲ್ಲ. ಎತ್ತರದ ಸರೋವರಗಳ ಸುತ್ತಲಿನ ಹಾದಿಗಳಿಗೆ ಜಗತ್ತಿನಲ್ಲೇ ಹೆಸರಾದ ಸ್ವಿಟ್ಜರ್ಲೆಂಡಿನಲ್ಲೂ ಇದೇ ಆಗಿತ್ತು. 1578 ಮೀಟರ್ ಎತ್ತರದ ಓಶಿನೆನ್ ಸರೋವರದಂಥ ಜಾಗಗಳ ಚಿತ್ರವನ್ನು ನಮ್ಮ ಕ್ಯಾಲೆಂಡರುಗಳಲ್ಲಿ ನೋಡುವಾಗ ಅಲ್ಲಿನ ಹಾದಿಗಳು ದೇವರೇ ಹಾಕಿಕೊಟ್ಟವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಯುದ್ಧಾನಂತರದ ಶ್ರೀಮಂತಿಕೆಯಲ್ಲಿ ಅಲ್ಲಿಯೂ ಹಳೆಯ ಕಾಲುದಾರಿಗಳು ಒಂದೊಂದಾಗಿ ಡಾಂಬರಿನ ಕೆಳಗೆ ಹೋದವು. ಆಗ ಅಲ್ಲಿನ ಜನ 1979ರ ಫೆಬ್ರುವರಿಯಲ್ಲಿ ಮತದಾನ ಮಾಡಿ ಕಾಲುದಾರಿಗಳ ರಕ್ಷಣೆಯನ್ನು ತಮ್ಮ ಸಂವಿಧಾನಕ್ಕೇ ಸೇರಿಸಿದರು. 1985ರಲ್ಲಿ ಕಾಯ್ದೆ ಬಂತು, 1987ರಿಂದ ಜಾರಿಯಾಯಿತು. ಪ್ರತಿ ಪ್ರಾಂತವೂ ತನ್ನ ಕಾಲುದಾರಿಗಳ ನಕಾಶೆ ಇಡಬೇಕು. ಹಾದಿಯನ್ನು ಮುಚ್ಚಬೇಕಾಗಿ ಬಂದರೆ, ಅಥವಾ ಅದರ ಬಹುಭಾಗಕ್ಕೆ ನಡೆಯುವವರಿಗೆ ಒಗ್ಗದ ಡಾಂಬರು ಬಳಿದರೆ, ತಕ್ಕ ಬದಲಿ ಹಾದಿಯನ್ನು ಒದಗಿಸಬೇಕು. ಹಳದಿ ಫಲಕಗಳ ಸುಮಾರು 65 ಸಾವಿರ ಕಿಲೋಮೀಟರ್ ಉದ್ದದ ಹಾದಿಗಳು ಇಂದು ಆ ಪುಟ್ಟ ದೇಶದಲ್ಲಿವೆ. ಸಾಮಾನ್ಯ ಹಾದಿಗೆ ಹಳದಿ, ಬೆಟ್ಟದ ಹಾದಿಗೆ ಬಿಳಿ-ಕೆಂಪು-ಬಿಳಿ, ಅತಿ ಕಡಿದಾದುದಕ್ಕೆ ಬಿಳಿ-ನೀಲಿ-ಬಿಳಿ ಗುರುತು. ಬಣ್ಣದ ಡಬ್ಬಿಯ ಖರ್ಚು ಎಷ್ಟಿದ್ದೀತು?

ಸವದತ್ತಿಗೆ ಇದನ್ನು ಹೇಳಲು ಈಗಲೇ ಹದವಾದ ಸಮಯ. 2024ರಲ್ಲಿ ಕೇಂದ್ರ ಸರ್ಕಾರ ಪ್ರಮುಖ ಪ್ರವಾಸಿ ತಾಣಗಳ ಅಭಿವೃದ್ಧಿಗೆ ರಾಜ್ಯಗಳಿಗೆ ಬಂಡವಾಳ ನೆರವು ಕೊಡುವ ಯೋಜನೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ರಾಜ್ಯ ಸರ್ಕಾರವೂ ಕ್ಷೇತ್ರದ ಅಭಿವೃದ್ಧಿಗೆಂದೇ ಪ್ರತ್ಯೇಕ ಮಂಡಳಿಯನ್ನು ರಚಿಸಿತು. ಸ್ನಾನಗೃಹ, ಶೌಚಾಲಯ, ವಸತಿ, ಸಾಲು ನಿಲ್ಲುವ ಸ್ಥಳ ಇವೆಲ್ಲ ಆಗಲೇಬೇಕು. ಜಾತ್ರೆಯ ದಿನ ಗುಡ್ಡದ ಮೇಲೆ ಹೆಣ್ಣುಮಕ್ಕಳು ಪಡುವ ಪಾಡನ್ನು ಕಂಡವರಾರೂ ಇವುಗಳಿಗೆ ಬೇಡ ಎನ್ನಲಾರರು. ನನ್ನ ಮಾತು ಇಷ್ಟೇ: ಅಭಿವೃದ್ಧಿ ಎಂದೊಡನೆ ನಮ್ಮ ಕಲ್ಪನೆ ವಾಹನ ನಿಲ್ಲುವ ಜಾಗದಿಂದ ಆರಂಭವಾಗುತ್ತದೆ. ಯಾತ್ರಿಕ ಗುಡ್ಡಕ್ಕೆ ಬಂದು ಇಳಿಯುವವನೆಂದೇ ಲೆಕ್ಕ. ನಡೆದು ಬರುವವನ ಯಾತ್ರೆ ಇಪ್ಪತ್ತು ಮೂವತ್ತು ಮೈಲಿ ಹಿಂದೆಯೇ ಆರಂಭವಾಗಿರುತ್ತದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಧಾರವಾಡ ತಾಲ್ಲೂಕುಗಳ ಗ್ರಾಮ ನಕಾಶೆಗಳನ್ನು ಒಂದಕ್ಕೊಂದು ಜೋಡಿಸಿ, ಗುಡ್ಡದ ಕಡೆ ಸಾಗುವ ನಾಲ್ಕು ಮುಖ್ಯ ಹಾದಿಗಳನ್ನು ಗುರುತಿಸಬೇಕು. ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ನೀರು ನುಂಗಿದೆ, ಎಲ್ಲಿ ಹಾದಿ ಇನ್ನೂ ಜೀವಂತವಿದೆ ಎಂದು ಪಟ್ಟಿ ಮಾಡಬೇಕು. ಮುಳುಗಿದ ಭಾಗಕ್ಕೆ ಜಲಾಶಯದ ಪೂರ್ಣಮಟ್ಟದ ಗೆರೆಯ ಆಚೆ, ಸರ್ಕಾರಿ ಸ್ವಾಧೀನದ ಅಂಚಿನಲ್ಲೇ, ಬದಲಿ ಕೊಡಬಹುದು. ಅಲ್ಲಿ ಹೊಸ ಭೂಸ್ವಾಧೀನದ ಗೋಜೇ ಬಹುಮಟ್ಟಿಗೆ ಇರದು. ಹೊಲಗಳ ನಡುವಿನ ಭಾಗಕ್ಕೆ ರೈತರನ್ನು ಎದುರು ಹಾಕಿಕೊಳ್ಳಬೇಕಾಗಿಲ್ಲ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಉದ್ಯೋಗ ಖಾತರಿಯ ಹಣದಿಂದ ಹೊಲದ ರಸ್ತೆಗಳಾದಾಗ ರೈತರೇ ಮುಂದೆ ಬಂದು ಜಾಗ ಬಿಟ್ಟುಕೊಟ್ಟ ಊರುಗಳಿವೆ. ರೈತನ ಬಂಡಿದಾರಿಯೂ ಯಾತ್ರಿಕನ ಕಾಲುದಾರಿಯೂ ಒಂದೇ ಆದಾಗ ಅದನ್ನು ಕಾಯುವವರು ವರ್ಷವಿಡೀ ಸ್ಥಳದಲ್ಲೇ ಇರುತ್ತಾರೆ. ಬೇಲಿ ಬಿದ್ದ ದಿನವೇ ಮಾಮಲೇದಾರರ ಮುಂದೆ ನಿಲ್ಲುವ ಹಕ್ಕೂ ಅವರಿಗಿದೆ.

ರಸ್ತೆಯ ಅಂಚನ್ನು ಬಿಡಿಸಲಾಗದ ಕಡೆ, ಕನಿಷ್ಠ ನಾಲ್ಕು ಹುಣ್ಣಿಮೆಗಳ ಮೂರು ಮೂರು ರಾತ್ರಿ ಕಬ್ಬಿನ ಟ್ರೇಲರುಗಳನ್ನು ತಡೆದರೆ ಸಾಕು. ಕಾರ್ಖಾನೆಗಳು ಗೊಣಗಬಹುದು. ವರ್ಷಕ್ಕೆ ಹನ್ನೆರಡು ರಾತ್ರಿಯ ಗೊಣಗಾಟವನ್ನು ಜಿಲ್ಲಾಡಳಿತ ಸಹಿಸಿಕೊಳ್ಳಬಲ್ಲದು.

ಒಂದು ಎಚ್ಚರಿಕೆಯೂ ಬೇಕು. ಈ ಹಾದಿಗಳನ್ನು ಗುರುತಿಸಿದೊಡನೆ ಅವನ್ನು ಚಾರಣದ ಮಾರುಕಟ್ಟೆಗೆ ಒಪ್ಪಿಸಿಬಿಡುವ ಉತ್ಸಾಹ ನಮ್ಮ ಪ್ರವಾಸೋದ್ಯಮ ಇಲಾಖೆಗೆ ಬರಬಹುದು. ಡೇರೆ, ರೆಸಾರ್ಟು, ಪ್ರವೇಶ ಶುಲ್ಕ, ಮುಂಗಡ ನೋಂದಣಿ. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಇದು ಎಲ್ಲಿಗೆ ಮುಟ್ಟಿತೆಂದರೆ 2018ರಲ್ಲಿ ಉತ್ತರಾಖಂಡ ಹೈಕೋರ್ಟು ಅಲ್ಲಿ ರಾತ್ರಿ ಡೇರೆ ಹಾಕುವುದನ್ನೇ ನಿಷೇಧಿಸಬೇಕಾಯಿತು. ಕುಮಾರ ಪರ್ವತಕ್ಕೆ ದಿನದ ಮಿತಿ ಸರಿ. ಅದು ಕಾಡು, ಅಲ್ಲಿ ಮನುಷ್ಯ ಅತಿಥಿ. ಎಲ್ಲಮ್ಮನ ಹಾದಿ ಹೊಲಗಳ ನಡುವಿನದು, ಅಲ್ಲಿ ನಡೆಯುವವನೇ ಮನೆಯವನು. ಭಾರತ ಹುಣ್ಣಿಮೆಗೆ ಹೊರಟ ಕೂಲಿಕಾರ್ಮಿಕ ಹೆಣ್ಣುಮಗಳಿಗೆ ಚೀಟಿ ತೋರಿಸು ಎನ್ನುವ ದಿನ ಬರಬಾರದು. ಬೆಂಗಳೂರಿನ ಯುವಕರು ಬರಲಿ, ಅವಶ್ಯವಾಗಿ ಬರಲಿ. ಪರಸಗಡದ ಕೋಟೆ ಹತ್ತಿ, ನವಿಲುತೀರ್ಥದ ಕಂದರ ನೋಡಿ, ಜಲಾಶಯದ ಅಂಚಿನಲ್ಲಿ ನಡೆದು, ಗುಡ್ಡದ ಮೇಲಿನ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಹೋಗಲಿ. ಎರಡು ದಿನದ ಸೊಗಸಾದ ನಡಿಗೆ ಅದು. ಹಿಮಗಾಳಿಯ ಭಯವಿಲ್ಲ, ಉಸಿರಿನ ತೊಂದರೆಯಿಲ್ಲ. ಬಿಸಿಲಿಗೆ ಮಾತ್ರ ಟೋಪಿ ಬೇಕು.

ನಕಾಶೆಗಳ ಜೋಡಣೆ ಎಂದಾಗ ಕೆಲವರು ನಕ್ಕಾರು. ಇಂದು ಭೂದಾಖಲೆಗಳೆಲ್ಲ ಗಣಕಕ್ಕೆ ಏರಿವೆ, ಗ್ರಾಮ ನಕಾಶೆಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ನಾನೂ ನೋಡಿದೆ. ತೊಡಕು ಎಲ್ಲಿದೆಯೆಂದರೆ ಪ್ರತಿ ನಕಾಶೆಯೂ ತನ್ನ ಊರಿನ ಗಡಿಗೆ ಬಂದು ನಿಲ್ಲುತ್ತದೆ. ಹೊಲ ಗಡಿಯೊಳಗೆ ಮುಗಿಯುತ್ತದೆ, ಆದ್ದರಿಂದ ಅದರ ಒಡೆಯನಿಗೆ ಒಂದು ಹಾಳೆ ಸಾಕು. ಹಾದಿ ಗಡಿಯಲ್ಲಿ ಮುಗಿಯುವುದಿಲ್ಲ. ಒಂದು ಊರಿನ ಹಾಳೆಯ ಅಂಚಿನಲ್ಲಿ ಕಡಿದುಹೋದ ಚುಕ್ಕೆಸಾಲು ಮುಂದಿನ ಊರಿನ ಹಾಳೆಯಲ್ಲಿ ಎಲ್ಲಿಂದ ಮುಂದುವರಿಯುತ್ತದೆ ಎಂಬುದನ್ನು ಹಿಂದೆ ತಲಾಠಿ, ಶಾನಭೋಗರು ಬಾಯಲ್ಲೇ ಹೇಳಬಲ್ಲವರಾಗಿದ್ದರು. ಈಗ ಅದನ್ನು ಹೇಳಬಲ್ಲವರು ನಡೆದು ಹೋಗುವ ಮುದುಕರು ಮಾತ್ರ. ಅವರಲ್ಲಿ ಇಬ್ಬರು ಮೂವರನ್ನು ಒಬ್ಬ ಭೂಮಾಪಕನ ಜೊತೆ, ಹೊಸ್ತಿಲ ಹುಣ್ಣಿಮೆಗೆ ಮುಂಚೆ, ದೊಡವಾಡದಿಂದ ಸವದತ್ತಿಯವರೆಗೆ ಒಮ್ಮೆ ಹಗಲಿನಲ್ಲಿ ನಡೆಸಿದರೆ ಮೊದಲ ಹಾದಿಯ ಮೋಜಣಿ ಮುಗಿಯುತ್ತದೆ.